ಎಡಗಿವಿಯ ಮೂಳೆ

ನನ್ನ ಮಾತನ್ನೆಲ್ಲ ಕಣ್ಣಿನಿಂದಲೇ ಓದಿಕೊಂಡ ಅಮ್ಮನಿಗೆ,

ಇವತ್ತು ಅಪ್ಪನನ್ನು ಕರೆದುಕೊಂಡು ಹೋಗಿ ನಿನ್ನನ್ನು ನೋಡಿ ಬಂದೆ. ನಿನ್ನನ್ನು ಎಂದರೆ, ನಿನ್ನ ಬಲಗಿವಿಯ ಸುತ್ತ ಇದ್ದ ಮೂಳೆಯನ್ನು. ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ, ಔಷಧಿಯ ವಾಸನೆ ಹೊಡೆಯುವ ಒಂದು ಉದ್ದನೆ ಕೋಣೆಯಲ್ಲಿ, ಅದನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು ಗಾಜಿನ ಪಟ್ಟಿಗಳ ಮೇಲೆ ಅಂಟಿಸಿ ಇಟ್ಟಿದ್ದಾರೆ. ನೀನು ಹೋಗಿ ವರ್ಷದ ಮೇಲಾಯಿತು. ಇಷ್ಟು ತಡ ಯಾಕೆ ಎಂದು ಕೇಳಿದ್ದಕ್ಕೆ ಅಲ್ಲಿನ ಮೇಡಂ, ಮೈಯಲ್ಲಿರುವ ಮೂಳೆಗಳಲ್ಲೆಲ್ಲ ಇದೇ ಗಟ್ಟಿ, ಕತ್ತಿ ಇಳಿಯುವಷ್ಟು ಮೆತ್ತಗಾಗಬೇಕಾದರೆ ತಿಂಗಳುಗಟ್ಟಲೆ ನೆನೆಹಾಕಬೇಕು ಎಂದರು. ಅಪ್ಪ ನನ್ನ ಕಡೆ ನೋಡಿ, "ಅವಳ ಹಟ ಹಾಗೇ ಇತ್ತಲ್ಲ," ಅಂದ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಆದದ್ದನ್ನು ನಿನಗೆ ಹೇಳಬೇಕು. ಹೇಳಲು ಬೇರೆ ಯಾರೂ ಇಲ್ಲ.

ಮೊದಲಿಂದ ಬರೆಯುತ್ತೇನೆ. ನನಗೆ ಗೊತ್ತಿರುವ ಮೊದಲು ಎಂದರೆ, ನೀನು ಆಗಲೇ ಕೇಳಿಸಿಕೊಳ್ಳುವುದನ್ನು ಬಿಟ್ಟಿದ್ದ ಕಾಲ. ನಾನು ಹುಟ್ಟಿದ ಮೇಲೆ ನಿನ್ನ ಕಿವಿ ಮಂದವಾಯಿತಂತೆ. ದೊಡ್ಡ ಮಾವ ಬಂದಾಗಲೆಲ್ಲ, ಈ ಹುಡುಗಿ ಹುಟ್ಟಿ ನನ್ನ ತಂಗಿಯ ಕಿವಿ ತಿಂದಳು ಎಂದು ನಗುತ್ತಲೇ ಹೇಳುತ್ತಿದ್ದರು. ಅವರ ತುಟಿ ನೋಡಿ ನೀನು ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿದ್ದೆ. "ಕಿವಿ ಕೊಟ್ಟು ಗಿಲಕಿ ತಗೊಂಡೆ ಅಣ್ಣ, ನಂಗೇನೂ ನಷ್ಟ ಇಲ್ಲ." ಬಾಯಿ ಮುಚ್ಚದ ಮಗುವಿಗೆ ನೀನಿಟ್ಟ ಹೆಸರು ಗಿಲಕಿ. ನನ್ನ ಗಲಾಟೆಯಲ್ಲಿ ಎಷ್ಟು ನಿನ್ನನ್ನು ಮುಟ್ಟಿತೋ ಗೊತ್ತಿಲ್ಲ. ಮಧ್ಯಾಹ್ನ ಮಲಗುವಾಗ ನನ್ನ ನೆತ್ತಿಗೆ ನಿನ್ನ ಕಿವಿಯ ಹಿಂದಿನ ಮೂಳೆಯನ್ನು ಒತ್ತಿ, "ಈಗ ಮಾತಾಡು" ಅನ್ನುತ್ತಿದ್ದೆ. ನಾನು ಏನಾದರೂ ಒದರುತ್ತಿದ್ದೆ. "ಗುಂಯ್ ಅಂತೀಯ, ದುಂಬಿ ಥರ," ಅನ್ನುತ್ತಿದ್ದೆ ನೀನು. ಮುಂದೊಂದು ದಿನ ನೀನು ಒತ್ತುವುದನ್ನು ಬಿಟ್ಟೆ. ನಾನು ದೊಡ್ಡವಳಾದೆ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ.

ಅಪ್ಪ ನಿನ್ನನ್ನು ಆಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ ಕತೆ ನಮ್ಮ ಮನೆಯಲ್ಲಿ ಪಾಠದ ಹಾಗೆ ಬಾಯಿಪಾಠವಾಗಿತ್ತು. ಡಾಕ್ಟರು ದೀಪ ಹಿಡಿದು ಎರಡೂ ಕಿವಿ ನೋಡಿದರು. ನರ ಒಣಗಿದೆ, ಔಷಧಿ ಇಲ್ಲ, ಬೇಕಾದರೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಎಂದರು. ತೋರಿಸಿದರೆ ಪ್ರಯೋಜನ ಇದೆಯಾ ಎಂದು ಅಪ್ಪ ಕೇಳಿದ. ನನಗೇನೋ ಕಾಣಲ್ಲ ಅಂದರು. ಕಿವಿಗೆ ಹಾಕುವ ಮೆಷಿನ್ ಕೊಟ್ಟರು. ಅದು ನಿನ್ನ ಕಿವಿಯಲ್ಲಿ ಮಾತಾಡುವ ಬದಲು ಸಿಳ್ಳೆ ಹೊಡೆಯುತ್ತಿತ್ತು, ಕೊನೆಗೆ ಬಟ್ಟೆ ಬೀರುವಿನೊಳಗೆ ಸೇರಿತು. ಅಂದಿನಿಂದ ಯಾರು ಕೇಳಿದರೂ ಅಪ್ಪ, "ನರದ್ದು, ಏನೂ ಮಾಡಕ್ಕಾಗಲ್ಲ" ಅನ್ನುತ್ತಿದ್ದ. ಅದನ್ನು ಹೇಳುವಾಗ ಅವನ ದನಿಯಲ್ಲಿ ಒಂದು ನೆಮ್ಮದಿ ಇರುತ್ತಿತ್ತಮ್ಮ. ಏನೂ ಮಾಡಲಾಗದ್ದನ್ನು ಮಾಡಲಿಲ್ಲವೆಂದು ಯಾರೂ ಕೊರಗಬೇಕಿಲ್ಲವಲ್ಲ.

ಕೈಲಾದದ್ದನ್ನು ಮಾತ್ರ ಅವನು ಮಾಡಿದ. ನಿನಗೆ ಬೆನ್ನು ಹಾಕಿ ಮಾತಾಡುವುದನ್ನು ನಿಲ್ಲಿಸಿದ. ಅವನ ಕಟಿಂಗ್ ಶಾಪಿನಲ್ಲಿ ಗಿರಾಕಿಯ ತಲೆಗೆ ಕೈ ಇಟ್ಟುಕೊಂಡೇ ಎದುರಿನ ಕನ್ನಡಿಗೆ ಮಾತಾಡುತ್ತಿದ್ದ, ಹಿಂದಿನ ಬೆಂಚಿನಲ್ಲಿ ಕೂತ ನೀನು ಕನ್ನಡಿಯಿಂದ ಓದಿಕೊಳ್ಳುತ್ತಿದ್ದೆ. ಹೊಸ ಗಿರಾಕಿಗಳು ತಮಗೇ ಹೇಳುತ್ತಿದ್ದಾನೆಂದು ತಿಳಿದು, "ಸಾಯಂಕಾಲ ಹಾಲು ತರ್ಬೇಕಾ?" ಎಂಬ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತಿದ್ದರು. ಜಗಳವಾದಾಗ ಮಾತ್ರ ಗೋಡೆಗೆ ಮುಖ ಮಾಡಿ ಬೈಯುತ್ತಿದ್ದ. ನೀನು ಎದ್ದು ಹೋಗಿ ಅವನ ಭುಜ ಹಿಡಿದು ತಿರುಗಿಸಿ, "ಇನ್ನೊಂದ್ಸಲ ಬೈರಿ, ಸರಿಯಾಗಿ ಕಾಣ್ಲಿಲ್ಲ," ಅನ್ನುತ್ತಿದ್ದೆ. ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ನಿನ್ನ ದನಿ ಯಾವಾಗಲೂ ಮೆಲ್ಲಗಿತ್ತು. ಕಿವಿ ಕೇಳದವರು ಕೂಗಿ ಮಾತಾಡುತ್ತಾರೆ ಎನ್ನುವವರಿಗೆ ನೀನು ಒಗಟಾಗಿದ್ದೆ. ಕಿವಿ ಮಂದವಾದ ಮೊದಲ ವರ್ಷಗಳಲ್ಲಿ ಮನೆಯಲ್ಲಿ ಕೇಳಿಸದ್ದು ಕೆಲಸಕ್ಕೆ ಹೋಗುವ ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ ಎಂದು ನೀನು ಹೇಳಿದಾಗ ಎಲ್ಲರೂ ನಕ್ಕರಂತೆ. ಆ ಮೆಷಿನ್‌ಗಳ ಸದ್ದಿನಲ್ಲಿ ನಮಗೇ ಏನೂ ಕೇಳಲ್ಲ, ನಿನಗೆ ಕೇಳುತ್ತದೆಯೇ ಎಂದು. ಮನೆಗಿಂತ ಅವಳಿಗೆ ಕಾರ್ಖಾನೆಯೇ ಇಷ್ಟ ಎಂದು ಅಪ್ಪ ಒಂದೆರಡು ದಿನ ಮುಖ ಊದಿಸಿಕೊಂಡಿದ್ದನಂತೆ. ನೀನು ಅಂದದ್ದು ನಿಜವೆಂದು ನಮಗೆ ತಿಳಿಯಲು ನನ್ನ ಕಿವಿಯೂ ಕೆಡಬೇಕಾಯಿತು.

ಅದನ್ನು ಮೊದಲು ಕಂಡುಹಿಡಿದವಳೂ ನೀನೇ. ಆಂಬುಲೆನ್ಸ್ ಕರೆ ತೆಗೆದುಕೊಳ್ಳುವ ನನ್ನ ಕೆಲಸದಲ್ಲಿ ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿಕೊಂಡು ತಿಂಗಳುಗಳಾಗಿದ್ದವು. ಮನೆ ನಂಬರನ್ನು ಎರಡೆರಡು ಸಲ ಕೇಳುತ್ತಿದ್ದೆ. ಆ ಕಡೆಯಿಂದ ಅಳುವವರಿಗೂ ಇನ್ನೊಂದು ಸಲ ಹೇಳಿ ಅನ್ನುತ್ತಿದ್ದೆ. ಲೈನ್ ಸರಿಯಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಂದು ಭಾನುವಾರ ಅಡುಗೆಮನೆಯಲ್ಲಿ ನೀನು ಮಾತಾಡುತ್ತಿದ್ದವಳು ಸಟ್ಟನೆ ನಿಲ್ಲಿಸಿದೆ. ಕೈಲಿದ್ದ ಪಾತ್ರೆಯನ್ನು ಕೆಳಗಿಟ್ಟೆ. "ನೀನು ನನ್ನ ಬಾಯಿ ನೋಡ್ತಿದ್ದೀಯ," ಅಂದೆ. ನಾನು ಇಲ್ಲ ಎಂದೆ. "ನನ್ನ ಹತ್ರ ಸುಳ್ಳು ಹೇಳ್ಬೇಡ. ಆ ನೋಟ ನಂಗೆ ಗೊತ್ತು." ಮಾರನೆಯ ದಿನ ನೀನೇ ನನ್ನ ಕೈ ಹಿಡಿದು ಆಸ್ಪತ್ರೆಗೆ ಹೊರಟೆ, ನಾನಿನ್ನೂ ಶಾಲೆಗೆ ಹೋಗುವವಳೋ ಎನ್ನುವ ಹಾಗೆ.

ಕಿವಿ ಡಾಕ್ಟರಮ್ಮ ಒಳ್ಳೆಯವರು. ನಮ್ಮಿಬ್ಬರನ್ನೂ ಪರೀಕ್ಷೆ ಮಾಡಿದರು. ಕಂಪಿಸುವ ಕಬ್ಬಿಣದ ಕವಲನ್ನು ನನ್ನ ಕಿವಿಯೆದುರು ಹಿಡಿದರು, ಆಮೇಲೆ ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಒತ್ತಿದಾಗ ಜೋರಾಗಿ ಕೇಳಿಸಿತು. ಒಳಗಿವಿಯ ಸುತ್ತ ಇರುವ ಮೂಳೆ ಹುಟ್ಟಿದಾಗ ಹೇಗಿತ್ತೋ ಸಾಯುವ ತನಕ ಹಾಗೇ ಇರಬೇಕು, ಕೆಲವರಲ್ಲಿ ಅದು ಮತ್ತೆ ಬೆಳೆಯಲು ಶುರುಮಾಡುತ್ತದೆ ಎಂದು ವಿವರಿಸಿದರು. ಕಾಪಾಡಬೇಕಾದ ಮೂಳೆಯೇ ಹಬ್ಬಿ, ಸದ್ದನ್ನು ಒಳಕ್ಕೆ ದಾಟಿಸುವ ಅಕ್ಕಿಕಾಳಿನಂಥ ಇನ್ನೊಂದು ಮೂಳೆಯನ್ನು ಕಚ್ಚಿ ಹಿಡಿಯುತ್ತದೆ. ಬಾಗಿಲು ಕಚ್ಚಿಕೊಂಡ ಮನೆ ಎಂದುಕೊಳ್ಳಿ, ಗೋಡೆಗೆ ಬಾಯಿ ಇಟ್ಟು ಕೂಗಿದರೆ ಒಳಗಿರುವವರಿಗೆ ಕೇಳಿಸುತ್ತದೆ ಎಂದರು. ಮನೆತನದಲ್ಲಿ ಬರುವ ಕಾಯಿಲೆ, ದನಿ ಮೆಲ್ಲಗಾಗುವುದು, ಗದ್ದಲದಲ್ಲೇ ಮಾತು ಚೆನ್ನಾಗಿ ಕೇಳಿಸುವುದು ಇದರ ಗುರುತು ಎಂದರು. ಹೆರಿಗೆಯಿಂದ ಬರುತ್ತದೆಯೇ ಎಂದು ಕೇಳಿದೆ. ಕೆಲವರು ಹಾಗನ್ನುತ್ತಾರೆ, ಖಚಿತವಾಗಿ ಹೇಳಲಾಗದು ಎಂದರು. ಅಷ್ಟಕ್ಕೇ ನೀನು ನನ್ನ ತೊಡೆ ಚಿವುಟಿದೆ, ಆ ಮಾತು ಬೇಡ ಎಂದು.

ಆಮೇಲೆ ಡಾಕ್ಟರಮ್ಮ ಗಾಜಿನ ಬೀರುವಿನ ಕಡೆ ತಿರುಗಿ, ನಿನಗೆ ಕಾಣದ ಹಾಗೆ, ನನಗೆ ಮಾತ್ರ ಹೇಳಿದರು. "ನಿಮಗೆ ಆಪರೇಷನ್ ಮಾಡಬಹುದು. ಅಮ್ಮನದು ಒಳಗಿನವರೆಗೂ ಹೋಗ್ಬಿಟ್ಟಿದೆ, ಈಗ ಆಗಲ್ಲ. ಇವರನ್ನ ಚಿಕ್ಕ ವಯಸ್ಸಲ್ಲೇ ಯಾರಾದ್ರೂ ಸರಿಯಾಗಿ ನೋಡಿದ್ದಿದ್ರೆ ಕೇಳಿಸ್ತಿತ್ತು. ಮನಸ್ಸಿಗೆ ಹಚ್ಕೊಳ್ತಾರೆ, ಹೇಳ್ಬೇಡಿ." ನಾನು ತಲೆಯಾಡಿಸಿದೆ. ನಿನ್ನ ಕಡೆ ನೋಡಲಿಲ್ಲ. ಹೊರಗೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ನೀನು, "ಅಪ್ಪನಿಗೆ ಹೇಳ್ಬೇಡ," ಅಂದೆ. ಯಾವುದನ್ನು ಎಂದೆ. "ಬೀರು ಕಡೆ ತಿರುಗಿ ಹೇಳಿದ್ರಲ್ಲ, ಅದನ್ನ. ಗಾಜಲ್ಲಿ ಬಾಯಿ ಕಾಣ್ತು ನಂಗೆ. ಕನ್ನಡೀಲಿ ಓದೋದು ನಂಗೇನು ಹೊಸದಾ?"

ಆಗ ನಾನು ಕೇಳಿದ್ದು ನೆನಪಿದೆಯಾ? ನಿನಗೆ ಕೋಪ ಬರಲ್ವಾ ಎಂದೆ. ಒಂದು ಬಸ್ ಬಂತು, ಹೋಯಿತು, ನಮ್ಮದೇ ಬಸ್. "ಕೋಪ ಬರುತ್ತೆ. ಯಾರ ಮೇಲೆ ಅಂತ ಗೊತ್ತಾಗಲ್ಲ. ನಿಮ್ಮಪ್ಪನ ಮೇಲೆ ಇಡಕ್ಕೆ ಹೋದ್ರೆ ಅದು ಅಲ್ಲಿ ನಿಲ್ಲಲ್ಲ," ಅಂದೆ ನೀನು. ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ಏನಂದ್ರು ಎಂದು ಕೇಳಿದ. ನೀನು ಚಪ್ಪಲಿ ಬಿಡುತ್ತ, "ಗಿಲಕಿಗೆ ಸ್ವಲ್ಪ ಮಂದ, ಮಾತ್ರೆ ಕೊಟ್ಟಿದ್ದಾರೆ. ನಂದು ಅದೇ, ನರದ್ದು," ಅಂದೆ. ಅಷ್ಟು ಸಲೀಸಾಗಿ ಹೇಳಿದ್ದನ್ನು ಕಂಡು ನನಗೆ ಅಳು ಬಂತು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡೆ.

ಅಲ್ಲಿಂದ ಐದು ವರ್ಷ ನಾವಿಬ್ಬರೂ ಆ ಮಾತನ್ನು ಹೊತ್ತುಕೊಂಡೆವು. ಆಪರೇಷನ್ ಮಾಡಿಸಿಕೋ ಎಂದು ನೀನು ಬೆನ್ನು ಹತ್ತಿದೆ. ನಾನು ಮುಂದಿನ ವರ್ಷ ಎಂದೆ, ರಜೆ ಸಿಗಲ್ಲ ಎಂದೆ. ತಾಯಿಯದೇ ಮಗಳಿಗೂ ಬಂದಿದೆ ಎಂದು ಅಪ್ಪ ಅಂದುಕೊಂಡಿದ್ದ. ನನ್ನ ಕಿವಿ ಸರಿಹೋದ ದಿನ, ನಿನ್ನದೂ ಸರಿಹೋಗುತ್ತಿತ್ತು ಎಂದು ಅವನಿಗೆ ಹೊಳೆಯದೇ ಇರುತ್ತಿತ್ತೇ? "ನಂದೇ ಬೇರೆ, ನಿಂದೇ ಬೇರೆ ಅಂತ ಹೇಳಿದ್ರಾಯ್ತು," ಅಂದೆ ನೀನು. ಅಪ್ಪ ನನ್ನ ಮುಖ ನೋಡಿ ಕೇಳಿದರೆ ನನ್ನಿಂದಾಗದು ಎಂದು ಗೊತ್ತಿತ್ತು. ಫೋನಿನ ಕೆಲಸ ಬಿಟ್ಟು, ಬಂದ ಕರೆಗಳ ವಿವರ ಬರೆದಿಡುವ ಮೇಜಿಗೆ ಹೋದೆ. ಅದನ್ನು ನಿನಗೆ ಹೇಳಿದ ದಿನ ನೀನು ಊಟ ಬಿಟ್ಟೆ.

ಮೂಳೆ ಕೊಡುವ ಮಾತು ಬಂದದ್ದು ಮತ್ತೊಮ್ಮೆ ತೋರಿಸಲು ಹೋದಾಗ. ಒಳಗೆ ಏನಾಗಿದೆ ಎಂದು ತೆಗೆದು ನೋಡಕ್ಕಾಗಲ್ವಾ ಎಂದು ನೀನು ಕೇಳಿದೆ. ಬದುಕಿರುವವರಲ್ಲಿ ಆಗದು, ಮೂಳೆ ಒಡೆದರೆ ಒಳಗಿರುವುದೂ ಹೋಗುತ್ತದೆ, ಸತ್ತ ಮೇಲೆ ಕೊಟ್ಟುಹೋದವರದ್ದನ್ನು ಮಾತ್ರ ನೋಡಿ ಕಲಿಯುತ್ತೇವೆ ಎಂದರು ಡಾಕ್ಟರಮ್ಮ. "ಹಾಗಾದ್ರೆ ನಂದು ಇಟ್ಕೊಳ್ಳಿ. ಇವತ್ತೇ ಬೇಡ," ಎಂದು ನೀನು ನಕ್ಕೆ. ಅಪ್ಪನಿಗೆ ನೀನೇ ಶಾಪಿನಲ್ಲಿ ಹೇಳಿದೆ. ಜನ ಕಣ್ಣು ಕೊಡುವುದನ್ನು ಕೇಳಿದ್ದೀನಿ, ಕೇಳದ ಕಿವಿ ಕೊಡುವುದನ್ನು ಕೇಳಿಲ್ಲ ಎಂದ ಅವನು. "ಕೆಲ್ಸಕ್ಕೆ ಬಾರದ್ದು ಕೊಟ್ರೆ ಪುಣ್ಯ ಕಮ್ಮಿ ಬರುತ್ತಾ?" ಎಂದೆ ನೀನು. ಗಿರಾಕಿ ನಕ್ಕ, ಅಪ್ಪನೂ ನಕ್ಕು ಹೂಂ ಅಂದ.

ಕಾರ್ಖಾನೆಯಲ್ಲಿ ಟೀ ಕುಡಿಯುವ ಹೊತ್ತಿಗೆ ನೀನು ಮೇಜಿನ ಮೇಲೆ ತಲೆಯಿಟ್ಟೆಯಂತೆ. ಪಕ್ಕದಲ್ಲಿದ್ದವರು ನಿದ್ದೆ ಅಂದುಕೊಂಡರು. ಹೃದಯ, ಒಂದೇ ಏಟಿಗೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ದೊಡ್ಡ ಮಾವ ಅಪ್ಪನ ಅಂಗಿ ಹಿಡಿದುಕೊಂಡರು. "ತಲೆಗೆ ಕೈ ಹಾಕಿಸ್ತೀಯಾ? ಬದುಕಿದ್ದಾಗ್ಲೂ ನನ್ನ ತಂಗಿಗೆ ಕಿವಿ ಇಲ್ಲ, ಸತ್ಮೇಲೂ ಬೇಡ್ವಾ?" ಅಪ್ಪ ಅವರ ಕೈ ಬಿಡಿಸಲಿಲ್ಲ. "ಭಾವ, ಅವಳು ನನ್ನ ಮುಖ ನೋಡ್ಕೊಂಡು ಕೇಳಿದ್ಳು. ನಾನು ಹೂಂ ಅಂದಿದ್ದೀನಿ," ಅಂದ. ಅಷ್ಟೇ. ನಿನ್ನನ್ನು ಮತ್ತೆ ಹೊರಗೆ ತಂದಾಗ ಮುಖದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಅಪ್ಪ ಜೇಬಿನಿಂದ ಬಾಚಣಿಗೆ ತೆಗೆದು, ನಿನ್ನ ಕೂದಲನ್ನು ಎರಡೂ ಕಡೆ ಕಿವಿಯ ಹಿಂದಿನ ಹೊಲಿಗೆ ಮುಚ್ಚುವ ಹಾಗೆ ಇಳಿಸಿ ಬಾಚಿದ. ದೊಡ್ಡ ಮಾವ ಅದನ್ನು ನೋಡುತ್ತ ನಿಂತರು.

ಹೋದ ವಾರ ಆ ಕೋಣೆಯಿಂದ ಫೋನ್ ಬಂದಾಗ ನಾನಿರಲಿಲ್ಲ, ಅಪ್ಪ ತೆಗೆದುಕೊಂಡ. ನೋಡಬೇಕೆನ್ನಿಸಿದರೆ ಮನೆಯವರು ಬರಬಹುದು ಎಂದರಂತೆ. ನಾನೊಬ್ಬಳೇ ಹೋಗಿ ಬರುತ್ತೇನೆ ಎಂದೆ, ಕೇಳಲಿಲ್ಲ. ಇವತ್ತು ಶಾಪಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ.

ಒಂದು ಕಣ್ಣು ಮುಚ್ಚಿ ಸೂಕ್ಷ್ಮದರ್ಶಕದೊಳಗೆ ನೋಡಿದ. ಗುಲಾಬಿ ಬಣ್ಣದ ಮೂಳೆಯ ನಡುವೆ ಬಸವನಹುಳುವಿನ ಚಿಪ್ಪಿನಂಥದ್ದು ಕಾಣುತ್ತದಲ್ಲ, ಅದೇ ಒಳಗಿವಿ ಎಂದರು ಮೇಡಂ. "ಇಷ್ಟೇ ಇಷ್ಟಾ?" ಎಂದ ಅಪ್ಪ. ಪಕ್ಕದಲ್ಲಿ ನೀಲಿ ಕಲೆಗಳಿವೆಯಲ್ಲ, ಅವೇ ಹಬ್ಬಿದ ಮೂಳೆ, ಚಿಕ್ಕ ಮೂಳೆಯ ಕಾಲನ್ನು ಹಿಡಿದು ಆಮೇಲೆ ಚಿಪ್ಪಿನೊಳಗೂ ನುಗ್ಗಿದೆ ಎಂದರು. ಅಪ್ಪ ಕಣ್ಣು ತೆಗೆಯದೆ, "ನರ ಒಣಗಿದೆ ಅಂದಿದ್ರು," ಅಂದ. ಮೇಡಂಗೆ ನಮ್ಮ ಮನೆಯ ಕತೆ ಏನು ಗೊತ್ತು? ತಮ್ಮ ಕೆಲಸದ ಮಾತನ್ನು ಹೇಳುವ ಹಾಗೆ ಹೇಳಿಬಿಟ್ಟರು. "ಇಲ್ಲ, ಶುರುವಲ್ಲಿ ನರ ಚೆನ್ನಾಗೇ ಇದ್ದಿರ್ಬೇಕು. ಆವಾಗ್ಲೇ ಆಪರೇಷನ್ ಆಗಿದ್ರೆ ತುಂಬ ವರ್ಷ ಕೇಳಿಸ್ತಿತ್ತು ಇವ್ರಿಗೆ."

ಅಪ್ಪ ಹಾಗೇ ಬಗ್ಗಿ ನೋಡುತ್ತಲೇ ಇದ್ದ. ಎಷ್ಟು ಹೊತ್ತು ಎಂದರೆ, ಮೇಡಂ ಕುರ್ಚಿ ತಂದು ಅವನ ಹಿಂದಿಟ್ಟರು. ಅವನು ಕೂರಲಿಲ್ಲ. ಎಡಗಿವಿಯ ಮೂಳೆಯನ್ನು ಇನ್ನೂ ಕೊಯ್ದಿಲ್ಲ, ಹಾಗೇ ಇದೆ, ನೀವು ಒಪ್ಪಿದರೆ ಕಿವಿಯ ಆಪರೇಷನ್ ಕಲಿಯುವವರು ಅದರ ಮೇಲೆ ಕೊರೆದು ಅಭ್ಯಾಸ ಮಾಡುತ್ತಾರೆ ಎಂದು ಮೇಡಂ ನನಗೆ ಹೇಳುತ್ತಿದ್ದರು. ಅಪ್ಪ ಹೊರಗೆ ನಡೆದ.

ಮೆಟ್ಟಿಲಿನ ಹತ್ತಿರ ಅವನ ಪಕ್ಕ ಕೂತೆ. ನೆಲ ನೋಡುತ್ತ ಕೇಳಿದ. "ನಿಮ್ಮಮ್ಮನಿಗೆ ಗೊತ್ತಿತ್ತಾ?"

ಅಮ್ಮಾ, ನೀನು ಮುಚ್ಚಿಡು ಅಂದದ್ದು ಆಗಲೇ ಬಯಲಾಗಿತ್ತು. ನಿನಗೆ ಗೊತ್ತಿತ್ತು ಎನ್ನುವುದನ್ನು ಹೇಳು ಎಂದೂ ಅಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಇಲ್ಲ ಎಂದಿದ್ದರೆ, ನರದ್ದು ಅಂತಲೇ ನಂಬಿಕೊಂಡು ನೀನು ಹೋದೆ ಎಂದುಕೊಳ್ಳುತ್ತಿದ್ದ. ನನಗೆ ಆಗಲಿಲ್ಲ. ಗೊತ್ತಿತ್ತು ಅಪ್ಪ, ಕೊನೆಯ ಐದು ವರ್ಷ ಎಂದೆ. "ಬೈಬಹುದಿತ್ತಲ್ಲ ಅವಳು. ಬೈದಿದ್ರೆ ಚೆನ್ನಾಗಿತ್ತು." ಆಮೇಲೆ ನನ್ನ ಕಡೆ ತಿರುಗಿದ. "ನಿಂಗೂ ಇದೇ ಅಲ್ವಾ? ಆಪರೇಷನ್ ಆಗುತ್ತೆ ಅಲ್ವಾ?" ಹೂಂ ಎಂದೆ. "ನನ್ನಿಂದ್ಲೇ ಮಾಡಿಸ್ಕೊಂಡಿಲ್ಲ." ಅದು ಪ್ರಶ್ನೆಯಾಗಿರಲಿಲ್ಲ. "ತಾಯಿ ಮಗಳು ಸೇರ್ಕೊಂಡು ನನ್ನನ್ನ ಕಾಪಾಡಿದ್ರಿ," ಎಂದು ಎದ್ದು ನಲ್ಲಿಯ ಹತ್ತಿರ ಹೋದ. ನೀರು ಬಿಟ್ಟುಕೊಂಡು ಮುಖವನ್ನು ಬೊಗಸೆಯಲ್ಲಿ ಮುಚ್ಚಿ ನಿಂತ. ಹತ್ತಿರ ಹೋಗಬೇಕೆನ್ನಿಸಿತು, ಹೋಗಲಿಲ್ಲ.

ಮುಖ ಒರೆಸಿಕೊಂಡು ಬಂದವನು ನೇರವಾಗಿ ಮೇಡಂ ಬಳಿ ಹೋದ. "ಆ ಇನ್ನೊಂದು ಮೂಳೆ ಕಲಿಯೋರಿಗೆ ಕೊಡಿ," ಅಂದ. "ನಾನು ಕತ್ತಿ ಹಿಡಿಯೋದು ಕಲಿತಿದ್ದು ನೊರೆ ಹಚ್ಚಿದ ಬಲೂನಿನ ಮೇಲೆ. ಅದೆಷ್ಟು ಒಡೆದ್ನೋ. ಮೊದಮೊದ್ಲು ಕೈ ನಡುಗುತ್ತೆ. ಇಲ್ಲೇ ನಡುಗಿ ಮುಗೀಲಿ." ಮೇಡಂ ತಲೆಯಾಡಿಸಿದರು. ಬಾಗಿಲ ತನಕ ಬಂದವನು ಮತ್ತೆ ತಿರುಗಿ, "ಅವಳಿಗೆ ನೋವಾಗಲ್ಲ ಅಂತ ಗೊತ್ತು. ಆದ್ರೂ ನಿಧಾನವಾಗಿ ಕೊರೀಲಿ," ಎಂದ. ಮೇಡಂ ಕನ್ನಡಕ ತೆಗೆದರು. ನಾನೇ ಹೇಳಿಕೊಡ್ತೀನಿ, ನಿಧಾನವಾಗೇ ಕೊರೆಯುತ್ತಾರೆ ಎಂದರು.

ಅಲ್ಲಿಂದ ನನ್ನನ್ನು ಮನೆಗೆ ಬರಲು ಬಿಡಲಿಲ್ಲ. ನೇರ ಡಾಕ್ಟರಮ್ಮನ ಕೋಣೆಗೆ ಕರೆದುಕೊಂಡು ಹೋದ. ಬರುವ ಗುರುವಾರ ನನ್ನ ಬಲಗಿವಿಗೆ ಆಪರೇಷನ್. ಬಹಳ ಮಂದಿಗೆ ಸರಿಹೋಗುತ್ತದೆ, ಯಾರಿಗೋ ಒಬ್ಬರಿಗೆ ಇರುವುದೂ ಹೋಗುತ್ತದೆ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ನನಗೆ ಹೆದರಿಕೆಯಿದೆ. ನೀನಿದ್ದಿದ್ದರೆ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ, ಹೆದರಿಕೆಗೆ ಪುರುಸೊತ್ತೇ ಇರುತ್ತಿರಲಿಲ್ಲ.

ಬಸ್ಸಿಳಿದು ನಮ್ಮ ರಸ್ತೆಗೆ ತಿರುಗಿದ ಮೇಲೆ ಅಪ್ಪ ನಿಂತ. "ಆ ಐದು ವರ್ಷ ನನ್ ಜೊತೆ ಚೆನ್ನಾಗೇ ಇದ್ಳು ಅಲ್ವಾ ಅವಳು?" ಎಂದು ಕೇಳಿದ. ಚೆನ್ನಾಗೇ ಇದ್ಳು ಅಪ್ಪ ಎಂದೆ. ಅವನು ಮತ್ತೆ ನಡೆಯತೊಡಗಿದ. ಈಗ ಒಳಗೆ ಕೂತಿದ್ದಾನೆ, ತಟ್ಟೆಯಲ್ಲಿ ಹಾಕಿಟ್ಟದ್ದು ಹಾಗೇ ಇದೆ.

ನಾನು ಅವನಿಗೆ ಹೇಳಿದ್ದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ನಿನ್ನ ಕೋಪವನ್ನು ನೀನು ಎಲ್ಲಿಟ್ಟುಕೊಂಡಿದ್ದೆ ಎಂದು ಯಾವತ್ತೂ ತೋರಿಸಲಿಲ್ಲ. ಮೂಳೆಯನ್ನು ಕೊಯ್ದು ನೋಡಿದವರಿಗೂ ಅದು ಕಾಣುವಂಥದ್ದಲ್ಲ. ಚೆನ್ನಾಗಿದ್ದೆ ತಾನೇ ಅಮ್ಮ?

ಇನ್ನು ಎದ್ದು ಅವನನ್ನು ಊಟಕ್ಕೆ ಎಬ್ಬಿಸುತ್ತೇನೆ. ನೀನು ನೆಮ್ಮದಿಯಾಗಿರು. ಅವನ ಚಿಂತೆ ನನಗಿರಲಿ.

ನಿನ್ನ,
ಗಿಲಕಿ